ಬಾಡಿಗೆ ಮೂಗು

ಮಾರ್ಚ್ 3, ಸೋಮವಾರ

ಇವತ್ತು ಪಾರ್ಸಲ್ ಬಂತು. ಆರು ಗಾಜಿನ ಜಾಡಿ, ಪ್ರತಿ ಜಾಡಿಯಲ್ಲೂ ಒಂದೊಂದು ಪರಿಮಳದ ಮೇಣದಬತ್ತಿ, ಜೊತೆಗೆ ಫೋನಿನಲ್ಲಿ ತುಂಬಿ ಕಳಿಸಬೇಕಾದ ಹನ್ನೊಂದು ಪುಟದ ಫಾರಂ. ವೈಟ್‌ಫೀಲ್ಡಿನ ಯಾವುದೋ ಗಾಜಿನ ಕಟ್ಟಡದಲ್ಲಿ ಕುಳಿತಿರುವ ಕಂಪನಿಗೆ ತನ್ನ ಬತ್ತಿಗಳು ನಡುಮನೆಯಲ್ಲಿ ಹೇಗೆ, ಅಡುಗೆಮನೆಯಲ್ಲಿ ಹೇಗೆ, ಬಚ್ಚಲಲ್ಲಿ ಹೇಗೆ, ಮಲಗುವ ಕೋಣೆಯಲ್ಲಿ ಹೇಗೆ ಪರಿಮಳ ಬೀರುತ್ತವೆ ಎಂದು ತಿಳಿಯಬೇಕಂತೆ. ಮೂಸಿ ಹೇಳುವ ಕೆಲಸ ಮಾದನಾಯಕನಹಳ್ಳಿಯ ಈ ಶೋಭಾರಾಣಿಯ ಪಾಲಿಗೆ ಬಂದಿದೆ. ಪೀಣ್ಯದ ಊದುಬತ್ತಿ ಕಾರ್ಖಾನೆಯಲ್ಲಿ ಸೆಂಟು ಬೆರೆಸುವ ವಿಭಾಗದಲ್ಲಿ ಹದಿನಾರು ವರ್ಷ ದುಡಿದವಳು ನಾನು. ಅಲ್ಲಿ ನನಗೆ 'ಮೂಗು ಶೋಭಾ' ಎಂದೇ ಹೆಸರು. ಹಳೆಯ ಸೂಪರ್‌ವೈಸರ್ ಲಕ್ಷ್ಮಣಪ್ಪನವರೇ ಶಿಫಾರಸು ಮಾಡಿದ್ದಾರೆ. ಬೆಂಗಳೂರಲ್ಲಿ ಇಂಥ ಮೂಗು ಇನ್ನೊಂದಿಲ್ಲ ಎಂದಿದ್ದಾರೆ.

ನಿಜವೇ. ಇಂಥದ್ದು ಇನ್ನೊಂದು ಇರಲಾರದು. ಡಿಸೆಂಬರಿನ ಜ್ವರ ಬಿಟ್ಟ ದಿನದಿಂದ ಈ ಮೂಗಿಗೆ ಮಲ್ಲಿಗೆಗೂ ಸೀಮೆಎಣ್ಣೆಗೂ ವ್ಯತ್ಯಾಸ ಗೊತ್ತಿಲ್ಲ. ಎರಡೂ ಬರೀ ಗಾಳಿ.

ಡಾಕ್ಟರು "ಬರಬಹುದು, ಬರದೆಯೂ ಇರಬಹುದು" ಎಂದರು. ಇಷ್ಟು ಹೇಳುವುದಕ್ಕೆ ಪಾಪ ಎಷ್ಟು ವರ್ಷ ಓದಿದ್ದಾರೋ. ಕಾರ್ಖಾನೆಯಲ್ಲಿ ಎರಡು ಡ್ರಮ್ಮಿನ ಸೆಂಟು ಅದಲುಬದಲು ಮಾಡಿದೆ. ಸಿಕ್ಕಿಬೀಳುವ ಮೊದಲೇ "ಮಂಡಿನೋವು" ಎಂದು ಕೆಲಸ ಬಿಟ್ಟೆ. ನನ್ನ ಗಂಡ ಚಿರಂಜೀವಿಗೂ ಅತ್ತೆ ಕೃಷ್ಣಮ್ಮನವರಿಗೂ ಗೊತ್ತಿರುವುದು ಮಂಡಿನೋವು ಮಾತ್ರ. ಅತ್ತೆ ದಿನಾ ಎಳ್ಳೆಣ್ಣೆ ಕಾಯಿಸಿ ಕೊಡುತ್ತಾರೆ. ಗಟ್ಟಿಮುಟ್ಟಾದ ಮಂಡಿಗೆ ದಿನಾ ಹಚ್ಚಿಕೊಳ್ಳುತ್ತೇನೆ.

ಈ ಕೆಲಸ ಬೇಡ ಎನ್ನಬಹುದಿತ್ತು. ಬೇಡ ಎನ್ನಬೇಕಾದರೆ ಕಾರಣ ಹೇಳಬೇಕಿತ್ತು. ಮಂಡಿನೋವಿದ್ದವರು ಮೂಸಬಾರದೆಂದು ಯಾವ ವೈದ್ಯಶಾಸ್ತ್ರವೂ ಹೇಳುವುದಿಲ್ಲವಲ್ಲ.

ಮಾರ್ಚ್ 5, ಬುಧವಾರ

ಮೊದಲ ಪರೀಕ್ಷೆ ನಡುಮನೆಯಲ್ಲಿ. ಜಾಡಿಯ ಹೆಸರು 'ವೆಲ್ವೆಟ್ ವೆರಾಂಡಾ'. ಕಿಟಕಿ ಮುಚ್ಚಿರಬೇಕು, ಫ್ಯಾನು ಆರಿಸಿರಬೇಕು, ಬತ್ತಿ ಒಂದು ಗಂಟೆ ಉರಿಯಬೇಕು. ಅದೂ ಮಾರ್ಚ್ ತಿಂಗಳಲ್ಲಿ. ಈ ನಿಯಮ ಬರೆದವರ ಕಚೇರಿಯಲ್ಲಿ ಎ.ಸಿ. ಇದೆ ಎಂದು ಹೇಳಲು ಮೂಗು ಬೇಕಾಗಿಲ್ಲ.

ಗೋದಾಮಿನ ಪಾಳಿ ಮುಗಿಸಿ ಬಂದ ಗಂಡನನ್ನು ಸೋಫಾ ಮೇಲೆ ಕೂರಿಸಿದೆ.

"ಹೇಗಿದೆ ಹೇಳ್ರೀ."

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ?"

"ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ ಕಣೇ. ಫ್ಯಾನ್ ಹಾಕ್ಲಾ?"

'ಯಾವ ಭಾವನೆ ಮೂಡಿತು?' ಎಂಬ ಪ್ರಶ್ನೆಗೆ ಅವರ ಉತ್ತರ: ಸೆಕೆ. 'ಏನು ನೆನಪಾಯಿತು?' ಎಂಬುದಕ್ಕೆ: ಫ್ಯಾನು. ಅತ್ತೆ ಬಾಗಿಲಲ್ಲಿ ನಿಂತು, "ಕರೆಂಟ್ ಇದ್ದಂಗೇ ಮ್ಯಾಣದ್ ಬತ್ತಿ ಅಚ್ಚವ್ಳೆ, ಇವ್ಳಿಗೇನ್ ಬಂತು ಕೇಡು" ಎಂದು ಗೋಡೆಗೆ ಹೇಳಿದರು.

ಕೊನೆಗೆ ಜಾಡಿಯ ಲೇಬಲ್ಲಿನಲ್ಲಿ ಇದ್ದುದನ್ನೇ ಹಿಂದುಮುಂದು ಮಾಡಿ ಬರೆದು ಕಳಿಸಿದೆ.

ಮಾರ್ಚ್ 7, ಶುಕ್ರವಾರ

ಕಂಪನಿಯ ಯಮುನಾ ಮೇಡಂ ಫೋನು ಮಾಡಿದ್ದರು. "ಮೇಡಂ, ಇದೆಲ್ಲಾ ನಮ್ಮ ಲೇಬಲ್ ಮೇಲೇ ಇದೆಯಲ್ವಾ? ನಮಗೆ ನಿಮ್ಮ ಮೂಗು ಬೇಕು."

ನನಗೂ ಬೇಕು ಮೇಡಂ.

ಮಾರ್ಚ್ 8, ಶನಿವಾರ

ಅದೇ ಜಾಡಿಯನ್ನು ಮತ್ತೆ ಹಚ್ಚಿಕೊಂಡು, ದೇವರು ಬರುತ್ತಾನೇನೋ ಎಂಬಂತೆ ಎದುರಿಗೆ ಕುಳಿತಿದ್ದೆ. ಮಹಡಿಯ ಶೀಟು ರೂಮಿನ ಬಾಡಿಗೆಯವಳು ಬಾಗಿಲಿಗೆ ಬಂದಳು. ಯಾದಗಿರಿಯೋ ಕೊಪ್ಪಳವೋ, ಆ ಕಡೆಯವಳು. ಸಿದ್ದವ್ವನೋ ಸಿದ್ದಕ್ಕನೋ ಹೆಸರು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಇವಳು ತುಮಕೂರು ರಸ್ತೆಯ ಗೋದಾಮಿನಲ್ಲಿ ಮಸಾಲೆ ಪ್ಯಾಕಿಂಗಿಗೆ. ಇವರು ಕೆಳಗಿಳಿದು ಬಂದರೆ ಬಾಯಲ್ಲಿರುವುದು ಒಂದೇ ಮಾತು, ನೀರು.

"ಅಕ್ಕಾರ, ಮೋಟರ್ ಒಂಚೂರು ಹಾಕ್ರಿ, ನೀರು..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಮೂಗು ಅರಳಿತು. "ಇದೇನ್ರಿ, ಹಳೀ ಟ್ರಂಕಿನ ಮುಚ್ಚಳ ತಗದಂಗ ವಾಸ್ನಿ? ಒಳಗ ಅರಿವಿ ಮಡಚಿಟ್ಟಾರ. ನಡುವ ಯಾರೋ ಲಿಂಬಿಹಣ್ಣು ಮರತ ಬಿಟ್ಟಾರ."

ಜಾಡಿಯ ಜೊತೆ ಬಂದಿದ್ದ ಪಟ್ಟಿಯನ್ನು ತೆಗೆದು ಓದಿದೆ. ದೇವದಾರು, ಹತ್ತಿಬಟ್ಟೆ, ನಿಂಬೆಸಿಪ್ಪೆ. ನಾನು ಹದಿನಾರು ವರ್ಷದಲ್ಲಿ ಕಲಿತದ್ದನ್ನು ಇವಳು ನೀರು ಕೇಳಲು ಬಂದಾಗ ಹೇಳಿಬಿಟ್ಟಳು.

ಮೋಟಾರು ಹಾಕಿದೆ, ಪೂರ್ತಿ ಇಪ್ಪತ್ತು ನಿಮಿಷ. ಔದಾರ್ಯವೇನಲ್ಲ. ಟ್ಯಾಂಕು ತುಂಬುವವರೆಗೆ ನಿಲ್ಲಿಸಿಕೊಂಡು ಇನ್ನೆರಡು ಜಾಡಿ ಮೂಸಿಸಿದೆ. ನನಗೆ ನೆಗಡಿ ಎಂದು ಹೇಳಿದ್ದೇನೆ.

ಮಾರ್ಚ್ 12, ಬುಧವಾರ

ಟ್ರಂಕಿನ ಮಾತನ್ನು ತಿದ್ದಿ ತೀಡಿ ಕಳಿಸಿದ್ದೆ. ಯಮುನಾ ಮೇಡಂ ಫೋನಿನಲ್ಲಿ ಅಳುವುದೊಂದು ಬಾಕಿ. "ಮೇಡಂ, ಇದು ಪೊಯೆಟ್ರಿ!" ಅಂತೆ. ನಾನು ವಿನಯದಿಂದ, "ಅಭ್ಯಾಸಬಲ" ಎಂದೆ. ಹೀಗೆ ಹೇಳುವಾಗ ನಾಚಿಕೆಯಾಗಬೇಕಿತ್ತು. ಮೂಗಿನ ಜೊತೆ ಅದೂ ಹೋಗಿರಬೇಕು.

ಇವತ್ತು ಅಡುಗೆಮನೆ, 'ಸಿಟ್ರಸ್ ಸೈಲೆನ್ಸ್'. ಮೇಲಿನವಳನ್ನು ಪಾಳಿ ಮುಗಿದ ಮೇಲೆ ಕರೆಸಿಕೊಂಡೆ. ಅತ್ತೆ ಬಸ್ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದರು. ಸಿದ್ದಕ್ಕ (ಸಿದ್ದಕ್ಕನೇ ಸರಿ, ಕೇಳಿದೆ) ತಲೆಯಾಡಿಸಿದಳು. "ಬಳ್ಳೊಳ್ಳಿ ಬಾಯಿ ಬಿಟ್ಟದ್ದ ತಡ, ಇದು ಸತ್ತ ಹೋತ್ರಿ." ಸಾರು ಇಳಿಸಿ ಅರ್ಧ ಗಂಟೆಯಾದ ಮೇಲೆ, "ಈಗ ಸಣ್ಣಗ ತಲಿ ಎತ್ತಾಕ ಹತ್ತೈತಿ" ಎಂದಳು.

ವರದಿ: ಒಗ್ಗರಣೆಯ ಎದುರು ಪೂರ್ಣ ಮೌನ. ಹೆಸರಿಗೆ ತಕ್ಕ ಬತ್ತಿ.

ಮಾರ್ಚ್ 15, ಶನಿವಾರ

ಬಚ್ಚಲು, 'ರಾಯಲ್ ಟ್ಯೂಬ್‌ರೋಸ್', ಅಂದರೆ ಸುಗಂಧರಾಜ. ನಾಲ್ಕಡಿ ಆರಡಿ ಬಚ್ಚಲಿನಲ್ಲಿ ರಾಜ ಬಂದು ಕುಳಿತ ಮೇಲೆ ಪ್ರಜೆಗಳಿಗೆ ಜಾಗವೆಲ್ಲಿ? ಸಿದ್ದಕ್ಕ ಬಾಗಿಲು ತೆರೆದವಳೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಹೆಣದ ಮ್ಯಾಲಿನ ಮಾಲಿ ಐತ್ರಿ ಇದು."

ವಿಷಯ ತಿಳಿಯದೆ ಅತ್ತೆ ಸ್ನಾನಕ್ಕೆ ಹೋಗಿ ಎರಡೇ ನಿಮಿಷಕ್ಕೆ ಹೊರಬಂದರು. "ತಣ್ಣೀರ್ ಉಯ್ಕೊಳಾಣ ಅಂತ ಓದ್ರೆ ಮದ್ವೆ ಛತ್ರಕ್ ಓದಂಗಾಯ್ತು. ಊಟ ಎಲ್ಲಮ್ಮಿ?"

ವರದಿ: ಸಣ್ಣ ಬಚ್ಚಲಿಗೆ ಬೇಡ. ಹತ್ತು ನಿಮಿಷ ಹಚ್ಚಿ ಆರಿಸಿದರೆ ಅರ್ಧ ದಿನ ಸಾಕು.

ಮಾರ್ಚ್ 19, ಬುಧವಾರ

ಮಲಗುವ ಕೋಣೆ, 'ಲಿನನ್ ಲಲಬೈ'. ಸಿದ್ದಕ್ಕ ಹೊಸ್ತಿಲಿನಲ್ಲೇ ನಿಂತಳು. "ನೀವು ಮಲಗೂ ಖೋಲ್ಯಾಗ ನಾ ಹ್ಯಾಂಗ ಬರ್ಲಿರಿ?" ಅಲ್ಲಿಂದಲೇ ಕತ್ತು ಚಾಚಿ ಮೂಸಿದಳು. ಒಳಗೆ ಬಾ ಎನ್ನಲು ನನಗೂ ತೋಚಲಿಲ್ಲ.

ವರದಿ: ಪರಿಮಳ ಬಾಗಿಲವರೆಗೂ ತಲುಪುತ್ತದೆ.

ಮಾರ್ಚ್ 23, ಭಾನುವಾರ

ಫಾರಂನಲ್ಲಿ 'ಸ್ಟಡಿ ರೂಮ್' ಎಂದೊಂದಿದೆ. ನಮ್ಮ ಮನೆಯಲ್ಲಿ ಓದುವ ಚಟ ಯಾರಿಗೂ ಇಲ್ಲ. ಬೇರೆ ಕೋಣೆ ಬೇಕಲ್ಲ ಎಂದು ಜಾಡಿ ಹಿಡಿದು ಮಹಡಿ ಹತ್ತಿದೆ. ಆರು ವರ್ಷದಿಂದ ಬಾಡಿಗೆಗೆ ಕೊಟ್ಟ ಆ ರೂಮಿನೊಳಗೆ ಕಾಲಿಟ್ಟದ್ದು ಇವತ್ತೇ ಮೊದಲು. ಮಾಲೀಕರಿಗೆ ಮೇಲೆ ಏನು ಕೆಲಸ?

ಮಧ್ಯಾಹ್ನ ಎರಡು ಗಂಟೆ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದರಲ್ಲಿ ಸುತ್ತಿಟ್ಟ ಹಾಸಿಗೆ, ಹಗ್ಗದ ಮೇಲೆ ಬಟ್ಟೆ, ಗೋಡೆಗೆ ದೇವರು. ಬತ್ತಿಯನ್ನು ಹಾಸಿಗೆ, ಬಟ್ಟೆ, ಒಲೆಗಳಿಂದ ಆರಡಿ ದೂರ ಇಡಬೇಕೆಂದು ನಿಯಮ. ಎಲ್ಲದರಿಂದ ಆರಡಿ ದೂರ ಹೋದರೆ ಜಾಡಿ ಮೆಟ್ಟಿಲ ಮೇಲಿರುತ್ತದೆ. ಎಲ್ಲಿಡುವುದೆಂದು ಚರ್ಚಿಸುತ್ತಿದ್ದಾಗಲೇ, ತಗಡಿನ ಕಾವಿಗೆ, ಹಚ್ಚುವ ಮೊದಲೇ ಮೇಣ ಮೆತ್ತಗಾಗಿ ಬತ್ತಿ ಪಕ್ಕಕ್ಕೆ ಒರಗಿತು. ಸಿದ್ದಕ್ಕನ ಗಂಡ ಯಮನಪ್ಪ ನಕ್ಕ. "ನಾವೂ ಮಧ್ಯಾಹ್ನ ಹಿಂಗ ಮಲಗತೀವ್ರಿ."

'ಯಾವ ಕೋಣೆ? ಒಂದಕ್ಕೆ ಮಾತ್ರ ಗುರುತು ಹಾಕಿ.' ಸಿದ್ದಕ್ಕನನ್ನು ಕೇಳಿದೆ. "ಎಲ್ಲಾದಕ್ಕೂ ಹಾಕ್ರಿ ಅಕ್ಕಾರ. ಇದ ಅಡಗಿಮನಿ, ಇದ ಮಲಗೂ ಖೋಲಿ, ಮಂದಿ ಬಂದ್ರ ಪಡಸಾಲಿ." ಎಲ್ಲಕ್ಕೂ ಹಾಕಿದೆ. ಫೋನು ಫಾರಂ ತೆಗೆದುಕೊಳ್ಳಲಿಲ್ಲ. ಇಂಥ ಮನೆ ಇರಲು ಸಾಧ್ಯವಿಲ್ಲ ಎಂಬುದು ಅದರ ಅಭಿಪ್ರಾಯ.

ಚಹಾ ಕೊಟ್ಟಳು. ಮೂಗು ಹೀಗೆ ಹೇಗೆ ಪಳಗಿತು ಎಂದು ಕೇಳಿದೆ. ಅವಳ ಅವ್ವ ಮೆಣಸಿನಕಾಯಿ ಮಂಡಿಯಲ್ಲಿ ಕಾಯಿ ಆರಿಸುತ್ತಿದ್ದಳಂತೆ. "ಚೀಲದಾಗ ಒಂದ ಕಾಯಿ ಹಸಿ ಇದ್ರ ಇಡೀ ಚೀಲ ಕೆಡತೈತ್ರಿ. ಕಣ್ಣಿಗೆ ಕಾಣೂದಿಲ್ಲ, ಮೂಗಿಗೆ ತಿಳೀಬೇಕು. ತಿಳೀಲಿಲ್ಲಂದ್ರ ಅವ್ವನ ಕೈ ಬೆನ್ನಿಗೆ ತಿಳೀತಿತ್ತು."

ಚಹಾದಲ್ಲಿ ಶುಂಠಿಯಿತ್ತೋ ಏಲಕ್ಕಿಯಿತ್ತೋ. ಚೆನ್ನಾಗಿದೆ ಎಂದೆ. ನನ್ನ ಗಂಡನ ಉತ್ತರ.

ಮಾರ್ಚ್ 26, ಬುಧವಾರ

ಇವತ್ತು ಬರೆಯುವುದಿಲ್ಲ.

ಮಾರ್ಚ್ 27, ಗುರುವಾರ

ಬರೆದುಬಿಡುತ್ತೇನೆ.

ನಿನ್ನೆ ಸಂಜೆ ನಾಲ್ಕೂವರೆ. ಅಡುಗೆಮನೆಯಲ್ಲಿ ಎರಡನೇ ಸುತ್ತಿನ ಪರೀಕ್ಷೆ. ನಿಯಮದಂತೆ ಕಿಟಕಿ ಮುಚ್ಚಿದ್ದೆ. ಸಣ್ಣ ಉರಿಯಲ್ಲಿ ಹಾಲಿಟ್ಟು, ಜಾಡಿ ತರಲು ಹೋದವಳು ಯಮುನಾ ಮೇಡಂ ಫೋನು ಬಂತೆಂದು ಅಂಗಳದಲ್ಲಿ ನಿಂತೆ. ಒಳಗೆ ಬಂದಾಗ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಉರಿ ಆರಿತ್ತು. ನಾನೇ ಆರಿಸಿ ಹೋಗಿರಬೇಕೆಂದುಕೊಂಡೆ. ಹಾಲು ಒರೆಸಿ, ಜಾಡಿಯನ್ನು ಕಟ್ಟೆಯ ಮೇಲಿಟ್ಟು, ಬೆಂಕಿಪೊಟ್ಟಣ ತೆಗೆದೆ. ಅತ್ತೆ ನಡುಮನೆಯಲ್ಲಿ ಚಾಪೆಯ ಮೇಲೆ ನಿದ್ದೆ ಮಾಡುತ್ತಿದ್ದರು.

"ಕಡ್ಡಿ ಗೀರಬ್ಯಾಡ್ರೀ!"

ಸಿದ್ದಕ್ಕ ಬಾಗಿಲಿನಿಂದ ಹಾರಿ ಬಂದು ನನ್ನ ಕೈಗೆ ಹೊಡೆದಳು. ಪೊಟ್ಟಣ ಸಿಂಕಿಗೆ ಬಿತ್ತು. ಒಲೆಯ ಕಿವಿ ತಿರುಗಿಸಿದಳು, ಸಿಲಿಂಡರು ಬಂದ್ ಮಾಡಿದಳು, ಕಿಟಕಿ ತೆರೆದಳು. ಅತ್ತೆಯನ್ನು ಎಬ್ಬಿಸಿ, ಹೆಚ್ಚುಕಡಿಮೆ ಎತ್ತಿಕೊಂಡೇ ಅಂಗಳಕ್ಕೆ ಸಾಗಿಸಿದಳು. ಇಷ್ಟು ಹೊತ್ತೂ ನಾನು ಕೈಯಲ್ಲಿ ಒಂದು ಕಡ್ಡಿ ಹಿಡಿದು ನಿಂತೇ ಇದ್ದೆ.

ಆಮೇಲೆ ನನ್ನ ಹತ್ತಿರ ಬಂದಳು. "ನಿಮಗ ವಾಸ್ನಿ ಬರೂದಿಲ್ಲಲ್ರಿ."

ಅದು ಪ್ರಶ್ನೆಯಾಗಿರಲಿಲ್ಲ. "ನೆಗಡಿ" ಎಂದೆ.

"ಮೂರು ವಾರದಿಂದ ನೆಗಡಿ. ಒಂದಿನಾರ ಸೀನಿದ್ದು ಕಾಣ್ಲಿಲ್ಲ."

ಅಂಗಳದ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಡಿಸೆಂಬರಿನಿಂದ ಎಂದು ಹೇಳಿದೆ. ಕಾರ್ಖಾನೆ ಬಿಟ್ಟದ್ದು ಯಾಕೆಂದು ಹೇಳಿದೆ. ಮಂಡಿನೋವಿನದ್ದೂ ಹೇಳಿದೆ. ಅವಳು ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕೇಳಿದಳು. ಒಂದು ಸಲವೂ ಅಯ್ಯೋ ಪಾಪ ಎನ್ನಲಿಲ್ಲ.

"ನಾ ಯಾರ ಮುಂದೂ ಹೇಳೂದಿಲ್ರಿ. ನೀವ ಹೇಳ್ರಿ. ಕೆಳಗ ಮುದುಕಿ ಅದಾರ, ಮ್ಯಾಲ ನಾವದೀವಿ. ಮೂಗು ನಿಮ್ಮದ ಇರಬಹುದು, ಬೆಂಕಿ ಎಲ್ಲಾರದ್ದ."

ನನ್ನ ಕೈ ಈಗಲೂ ಉರಿಯುತ್ತಿದೆ. ಚೆನ್ನಾಗಿಯೇ ಹೊಡೆದಿದ್ದಾಳೆ.

ಮಾರ್ಚ್ 28, ಶುಕ್ರವಾರ

ಊಟಕ್ಕೆ ಕುಳಿತಾಗ ಹೇಳಿದೆ. ಗಂಡ ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು.

"ಅಯ್ಯೋ! ಅದಕ್ಕಾ ಪಲ್ಯ ಸೀಯ್ತಿದ್ದಿದ್ದು? ನಾನು ಕೋಪ ಅಂದ್ಕೊಂಡಿದ್ದೆ ಕಣೇ. ಹೊಸ ವರ್ಷಕ್ಕೆ ನಿಮ್ಮಮ್ಮನ ಮನೆಗೆ ಕರ್ಕೊಂಡ್ ಹೋಗ್ಲಿಲ್ಲ ಅಂತ ಬೇಕಂತ್ಲೇ ಸೀಯಿಸಿ ಹಾಕ್ತಿದ್ದೀಯ ಅಂತ."

ಮೂರು ತಿಂಗಳು! ತಪ್ಪೊಪ್ಪಿಕೊಂಡವರ ಹಾಗೆ ಎರಡನೇ ಸಲ ಬಡಿಸಿಕೊಂಡೂ ತಿಂದಿದ್ದಾರೆ. ನಾನು ಅದನ್ನು ನನ್ನ ಕೈರುಚಿ ಎಂದುಕೊಂಡಿದ್ದೆ.

ಅತ್ತೆ ಮೊದಲು ನನ್ನ ಮಂಡಿಯನ್ನು ನೋಡಿದರು. ಆಮೇಲೆ, "ನಿನ್ ಮಂಡಿಗ್ ಆಕಿದ್ ಎಣ್ಣೇಲಿ ಒಂದ್ ಮದ್ವೆಗ್ ಆಗೋಷ್ಟ್ ವಡೆ ಕರೀಬೋದಾಗಿತ್ತಲ್ಲೇ" ಎಂದರು. ಊಟವಾದ ಮೇಲೆ ಒಲೆಯ ಪಕ್ಕಕ್ಕೆ ಒಂದು ಮಣೆ ಹಾಕಿಕೊಂಡು, ಹಾಲು ಕಾಯುವವರೆಗೆ ಕಾವಲು ಕುಳಿತರು.

ಏಪ್ರಿಲ್ 4, ಶುಕ್ರವಾರ

ಯಮುನಾ ಮೇಡಂ ಫೋನು. ನನ್ನ ವಾಕ್ಯಗಳನ್ನು ಜಾಡಿಗಳ ಮೇಲೆ ಅಚ್ಚು ಹಾಕಿಸುತ್ತಾರಂತೆ. ಬುಧವಾರ ಕಚೇರಿಗೆ ಬಂದು ಎಲ್ಲರ ಎದುರು ಐದು ಬೇರೆ ಜಾಡಿ ಮೂಸಿ ಹೇಳಬೇಕಂತೆ. ಹೆಸರು ಬರೆಯದ ಜಾಡಿಗಳು.

ಮಂಡಿನೋವು ಹೆಚ್ಚಾಗಿದೆ ಎನ್ನುವುದು ತುಟಿಯವರೆಗೆ ಬಂದಿತ್ತು. "ಬರ್ತೀನಿ. ಜೊತೆಗೆ ಒಬ್ಬರು ಇರ್ತಾರೆ" ಎಂದೆ.

ಮಹಡಿ ಹತ್ತಿ ಸಿದ್ದಕ್ಕನಿಗೆ ಹೇಳಿದೆ. "ನಾನ್ಯಾಕ್ರಿ? ಅಲ್ಲಿ ಇಂಗ್ಲಿಷ್ ಮಂದಿ" ಎಂದಳು. ಸಂಜೆ ತಾನೇ ಕೆಳಗೆ ಬಂದು, ಯಾವ ಸೀರೆ ಉಡಲಿ ಎಂದು ಕೇಳಿದಳು.

ಏಪ್ರಿಲ್ 9, ಬುಧವಾರ

ಮಾದಾವರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಊರಿನ ಆ ತುದಿಯ ವೈಟ್‌ಫೀಲ್ಡಿಗೆ. ಸಿದ್ದಕ್ಕ ದಾರಿಯುದ್ದಕ್ಕೂ ಬೋಗಿಯ ವಾಸನೆಗಳನ್ನು ನನ್ನ ಕಿವಿಯಲ್ಲಿ ಹೇಳುತ್ತಾ ಬಂದಳು. ಎದುರಿನವನ ಡಬ್ಬಿಯಲ್ಲಿ ಹುಳಿಯನ್ನ, ಆ ಹುಡುಗಿಯ ತಲೆಯಲ್ಲಿ ನಿನ್ನೆಯ ಹೂವು. ನಾಲ್ಕು ತಿಂಗಳ ಮೇಲೆ ನನಗೂ ಒಂದು ಪ್ರಯಾಣವಾಯಿತು.

ಕಚೇರಿಯಲ್ಲಿ ಯಮುನಾ ಮೇಡಂ, ಕಂಪನಿಯ ಮಾಲೀಕ ವಸಂತ್, ಇನ್ನೂ ನಾಲ್ಕು ಜನ. ಮೇಜಿನ ಮೇಲೆ ಐದು ಜಾಡಿ. ನಾನು ಕೂರಲಿಲ್ಲ.

"ನನ್ನ ಮೂಗು ಡಿಸೆಂಬರಲ್ಲೇ ಹೋಗಿದೆ. ಬರೆದಿದ್ದು ಮಾತ್ರ ನಾನು. ಮೂಸಿದ್ದೆಲ್ಲಾ ಇವರು, ಸಿದ್ದಕ್ಕ."

ಯಮುನಾ ಮೇಡಂ ಮುಖ ಸಪ್ಪಗಾಯಿತು. ವಸಂತ್‌ಗೆ ಮಾತ್ರ ಬೇಸರವಿರಲಿಲ್ಲ, ಐಡಿಯಾ ಬಂದಿತ್ತು. "ಪರವಾಗಿಲ್ಲ ಮೇಡಂ. ಜಾಡಿ ಮೇಲಿನ ಸ್ಟೋರಿಗೆ ನಿಮ್ಮ ಹೆಸರೇ ಇರ್ಲಿ. ಹದಿನಾರು ವರ್ಷದ ಎಕ್ಸ್‌ಪೀರಿಯೆನ್ಸ್ ಅಲ್ವಾ? ಇವ್ರನ್ನ ನಿಮ್ಮ ಅಸಿಸ್ಟೆಂಟ್ ಅಂತ ಮಾಡ್ಕೊಳ್ಳೋಣ."

ಒಂದು ಕ್ಷಣ, ಅದೂ ಚೆನ್ನಾಗಿಯೇ ಇದೆ ಅನ್ನಿಸಿತು. ಎರಡು ಕ್ಷಣ ಎಂದು ಬರೆದರೆ ಇನ್ನೂ ನಿಜ.

ಅಷ್ಟರಲ್ಲಿ ಸಿದ್ದಕ್ಕ ಜಾಡಿಗಳ ಕಡೆ ಹೋಗಿದ್ದಳು. ಮೊದಲನೆಯದು ಮಳೆ ಬಿದ್ದ ಸಿಮೆಂಟು ಎಂದಳು. ಎರಡನೆಯದು ಬೆಲ್ಲದ ಪಾಕ, ತಳ ಹಿಡಿಯುವ ಮೊದಲು. ಮೂರನೆಯದು ಹೊಸ ಚಾಪೆ. ಬರೆದುಕೊಳ್ಳುತ್ತಿದ್ದವರು ತಲೆಯೆತ್ತಿದರು. ನಾಲ್ಕನೆಯದರ ಮೇಲೆ ಬಗ್ಗಿ, ಹಿಂದೆ ಸರಿದಳು. "ಇದರ ಎಣ್ಣಿ ಕಮಟು ಹೊಡದೈತ್ರಿ."

ವಸಂತ್ ನಕ್ಕ. "ಅದು ನಮ್ಮ ಬೆಸ್ಟ್ ಸೆಲ್ಲರ್. ಎಣ್ಣೆ ಫ್ರಾನ್ಸ್‌ದು." ಉಳಿದವರೂ ನಕ್ಕರು. ಸಿದ್ದಕ್ಕ ಸೆರಗು ಎಳೆದುಕೊಂಡಳು. "ಇರಬಹುದ್ರಿ. ನಾ ಓದಿದಾಕಿ ಅಲ್ಲ."

ಅವಳು ಹಾಗೆ ಕುಗ್ಗಿದ್ದು ನನಗೆ ಹಿಡಿಸಲಿಲ್ಲ. ನನ್ನ ಅಡುಗೆಮನೆಯಲ್ಲಿ ಕೂಗಿದವಳು ಇವಳೇನಾ?

"ಅವರು ಕಮಟು ಅಂದ್ರೆ ಕಮಟೇ" ಎಂದೆ. "ಡ್ರಮ್ ತರಿಸಿ ನೋಡಿ. ನಾವು ಕಾಯ್ತೀವಿ." ನನಗೆ ಆ ಜಾಡಿಯಿಂದ ಬಂದದ್ದು ಬರೀ ಗಾಳಿ. ಆದರೂ ಅಷ್ಟು ಗಟ್ಟಿಯಾಗಿ ಹದಿನಾರು ವರ್ಷದಲ್ಲಿ ಯಾರ ಮುಂದೆಯೂ ಮಾತಾಡಿದ ನೆನಪಿಲ್ಲ.

ಯಮುನಾ ಮೇಡಂ ಉಗ್ರಾಣಕ್ಕೆ ಹೋಗಿ ಕಾಲು ಗಂಟೆಗೆ ಬಂದರು. ಡ್ರಮ್ಮಿನ ಮೇಲಿನ ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು. ಫ್ರಾನ್ಸಿನಲ್ಲೂ ಎಣ್ಣೆ ಕೆಡುತ್ತದೆ ಎಂದು ಇವತ್ತು ಎಲ್ಲರಿಗೂ ತಿಳಿಯಿತು.

"ಸ್ಟೋರಿಗೆ ಅವರ ಹೆಸರು ಹಾಕಿ" ಎಂದೆ. "ನಾನು ಬೇಕಾದ್ರೆ ಬರೆಯೋಕೆ ಬರ್ತೀನಿ. ಅಸಿಸ್ಟೆಂಟ್ ಅಂತ."

ವಸಂತ್, ಯೋಚಿಸಿ ಹೇಳುತ್ತೇನೆ ಎಂದ. ಐದನೆಯ ಜಾಡಿಯನ್ನು ಯಾರೂ ತೆರೆಯಲಿಲ್ಲ.

ಏಪ್ರಿಲ್ 20, ಭಾನುವಾರ

ಯೋಚನೆಗೆ ಹತ್ತು ದಿನ ಹಿಡಿಯಿತು. ನಿನ್ನೆ ಹೊಸ ಪೆಟ್ಟಿಗೆ ಬಂತು. ಪೆಟ್ಟಿಗೆಯ ಮೇಲೆ ಸಿದ್ದಕ್ಕನ ಹೆಸರು, ಕೆಳಗೆ ಚಿಕ್ಕದಾಗಿ ನನ್ನದು. ಅತ್ತೆ ಅದನ್ನು ಬೀದಿಯ ಅರ್ಧ ಜನಕ್ಕೆ ತೋರಿಸಿ ಬಂದರು. ಒಂದೇ ಕೋಣೆಯ ಮನೆಗೆ ಫಾರಂನಲ್ಲಿ ಇನ್ನೂ ಜಾಗವಿಲ್ಲ, ಹಾಗಾಗಿ ಪರೀಕ್ಷೆ ನಮ್ಮ ಕೋಣೆಗಳಲ್ಲೇ. ಸಿದ್ದಕ್ಕ ಬೆಳಗ್ಗೆ ಬಂದವಳೇ ನನ್ನ ಗಂಡನಿಗೆ ಫ್ಯಾನು ಆರಿಸಲು ಹೇಳಿದಳು. ತುಟಿಪಿಟಕ್ಕೆನ್ನದೆ ಆರಿಸಿದರು.

ಮಲಗುವ ಕೋಣೆಯ ಪರೀಕ್ಷೆ ಮುಗಿಸಿ ಇಬ್ಬರೂ ಮಂಚದ ಮೇಲೆ ಕುಳಿತಿದ್ದೆವು. ಯಾರನ್ನೂ ಕೇಳದ ಒಂದು ಪ್ರಶ್ನೆ ನನ್ನಲ್ಲಿ ನಾಲ್ಕು ತಿಂಗಳಿಂದ ಇತ್ತು. ಗಂಡನನ್ನು ಕೇಳಿದರೆ ಚೆನ್ನಾಗಿದೆ ಎನ್ನುತ್ತಾರೆ.

"ಸಿದ್ದಕ್ಕ, ನಗಬಾರದು. ನನ್ನ ಮೈ ಹೇಗೆ ವಾಸನೆ ಬರುತ್ತೆ?"

ಅವಳು ನಗಲಿಲ್ಲ. ಸಂತೆಯಲ್ಲಿ ಮಾವಿನಹಣ್ಣು ನೋಡುವವಳ ಹಾಗೆ ಕತ್ತಿನ ಹತ್ತಿರ ಬಂದು ಮೂಸಿದಳು. "ಖರೇ ಹೇಳ್ಲಿ?"

"ಖರೇನೇ."

"ಸಾಬಾನ ಐತಿ. ಕೈಯಾಗ ಉಳ್ಳಾಗಡ್ಡಿ ಐತಿ. ಕೆಟ್ಟ ವಾಸ್ನಿ ಏನೂ ಇಲ್ರಿ. ಪೌಡರ್ ಮಾತ್ರ... ಅಕ್ಕಾರ, ಡಬ್ಬಿ ಪೂರಾ ಸುರಕೋತೀರೇನು? ನಿಮ್ಮ ಮಗ್ಗಲ ಕುಂತವರಿಗೆ ತಲಿ ತಿರಗತೈತಿ."

ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಹೊರಗೆ ಹೊರಟರೆ ಇನ್ನೊಂದು ಸಲ. ಗೊತ್ತಾಗದಿದ್ದರೆ ಇನ್ನೊಂದಿಷ್ಟು ಇರಲಿ ಎಂದು ಹಾಕಿಕೊಳ್ಳುತ್ತಿದ್ದೆ. ಅತ್ತೆ ಊಟದ ತಟ್ಟೆ ಎತ್ತಿಕೊಂಡು ಬಾಗಿಲ ಬಳಿ ಹೋಗುತ್ತಿದ್ದುದು ಗಾಳಿಗಾಗಿ ಎಂದುಕೊಂಡಿದ್ದೆ. ಗಾಳಿಗಾಗಿಯೇ, ನಿಜ.

ಎದ್ದು ಹೋಗಿ ಸ್ನಾನ ಮಾಡಿದೆ. ಪೌಡರ್ ಹಾಕಿಕೊಳ್ಳಲಿಲ್ಲ. ಬರಿಮೈಯಲ್ಲಿ ಬೀದಿಗೆ ಬಂದಷ್ಟು ಅಳುಕು. ನಡುಮನೆಯಲ್ಲಿ ಸಿದ್ದಕ್ಕ, ಅತ್ತೆ, ನನ್ನ ಗಂಡ ಮೂವರೂ ಒಂದೇ ಚಾಪೆಯ ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದರು. ನನ್ನ ಲೋಟವನ್ನು ಮುಚ್ಚಿಟ್ಟಿದ್ದರು. ಹೋಗಿ, ಸಿದ್ದಕ್ಕನಿಗೂ ಅತ್ತೆಗೂ ನಡುವೆ ಇದ್ದ ಸಂದಿಯಲ್ಲಿ ಕುಳಿತೆ.

ಯಾರೂ ದೂರ ಸರಿದು ಕೂರಲಿಲ್ಲ.